ರಾಹುಕಾಲಕ್ಕೆ ಹೊರಟ ಬೊಂಬಾಯಿ ವಿಮಾನ

ವಿಮಾನದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ನನ್ನನ್ನು ಮಾತಿಗೆ ಎಳೆದಾಗ ಮೊದಲು ಕೇಳುವ ಪ್ರಶ್ನೆ ಒಂದೇ: 'ಆ ಕಾಲದ ವಿಮಾನಗಳು ಬೀಳುತ್ತಿರಲಿಲ್ಲವೇ ಸಾರ್?' ಬೀಳುವುದರ ಬಗ್ಗೆ ಯೋಚಿಸಲು ನಮಗೆ ಪುರುಸೊತ್ತೆಲ್ಲಿತ್ತು? ಹೇಳಿದ ಹೊತ್ತಿಗೆ ಅದನ್ನು ನೆಲದಿಂದ ಏಳಿಸುವುದರಲ್ಲೇ ನಮ್ಮ ಜೀವ ಹಣ್ಣಾಗುತ್ತಿತ್ತು. ಈಗ ನೀವು ಗಾಜಿನ ಕೋಣೆಯಲ್ಲಿ ಕೂತು, ತಡವಾಗಿ ಬಂದವನಿಗೆ 'ಕೌಂಟರ್ ಮುಚ್ಚಿದೆ' ಎಂದು ನಗುನಗುತ್ತಾ ಹೇಳುತ್ತೀರಿ. ಆ ಒಂದು ಮಾತನ್ನು ಮೊದಲ ಸಲ ಹೇಳಬೇಕಾಗಿ ಬಂದಾಗ ನನ್ನ ಪಾಡು ಏನಾಗಿತ್ತು ಎಂಬುದು ನಿಮಗೆ ಗೊತ್ತಿಲ್ಲ. ಅದನ್ನೇ ಬರೆಯೋಣವೆಂದು ಕೂತಿದ್ದೇನೆ.

ಐವತ್ತರ ದಶಕ ಆಗತಾನೆ ಶುರುವಾಗಿತ್ತು. ಆದೋನಿ ಆಗಿನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ನಮ್ಮೂರ ಹತ್ತಿ ವ್ಯಾಪಾರಿ ಗುರುಸಿದ್ದಪ್ಪ ಸಾವುಕಾರರು, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಸಾಮಾನಿನಲ್ಲಿ ಒಂದು ವಿಮಾನವನ್ನು ಕೊಂಡುಕೊಂಡಿದ್ದರು. ಎಂಟು ಸೀಟು, ಎರಡು ಎಂಜಿನ್, ಒಂದರ ಮೇಲೊಂದು ರೆಕ್ಕೆ, ಮರದ ಮೈ, ಅದರ ಮೇಲೆ ಬಣ್ಣ ಬಳಿದ ಬಟ್ಟೆ. ಯಾಕೆ ಕೊಂಡಿರಿ ಎಂದು ಕೇಳಿದವರಿಗೆ ಸಾವುಕಾರರು, 'ಅಗ್ಗಕ್ಕ ಬಂತು, ತೊಗೊಂಡೆ' ಎನ್ನುತ್ತಿದ್ದರು, ಸಂತೆಯಲ್ಲಿ ಎಮ್ಮೆ ಕೊಂಡವರ ಹಾಗೆ. ಆಸ್ಪರಿ ದಾರಿಯಲ್ಲಿ ಮಿಲಿಟರಿಯವರೇ ಕಪ್ಪು ನೆಲದ ಮೇಲೆ ಗರಸು ಮಣ್ಣು ಹೊಡೆದು ಗಟ್ಟಿ ಮಾಡಿ ಬಿಟ್ಟುಹೋಗಿದ್ದ ಒಂದು ಬಯಲಿತ್ತು. ಅದು ನಮ್ಮ ನಿಲ್ದಾಣ. ಒಂದು ತಗಡಿನ ಶೆಡ್ಡು, ಗಾಳಿ ಯಾವ ಕಡೆಯದು ಎಂದು ತೋರಿಸುವ ಒಂದು ಬಟ್ಟೆಯ ಚೀಲ, ಒಂದು ಬೇವಿನ ಮರ. ಅಷ್ಟೇ.

ವಿಮಾನ ಹಾರಿಸುವವರು ಕ್ಯಾಪ್ಟನ್ ಲೋಬೊ. ಮಂಗಳೂರು ಕಡೆಯವರು, ಯುದ್ಧದಲ್ಲಿ ಬರ್ಮಾದ ತನಕ ಹೋಗಿಬಂದವರು. ತೆಳ್ಳನೆಯ ಆಳು, ಸಿಟ್ಟು ಮೂಗಿನ ತುದಿಯಲ್ಲೇ. ಉಳಿದದ್ದೆಲ್ಲ ನಾನು. ಟಿಕೆಟ್ಟು, ಸಾಮಾನು, ಪೆಟ್ರೋಲು, ಮೆಟ್ಟಿಲು ಇಡುವುದು, ಮೆಟ್ಟಿಲು ತೆಗೆಯುವುದು, ನಾಯಿ ಓಡಿಸುವುದು. ಅದಕ್ಕೂ ಮೊದಲು ನಾನು ಸಾವುಕಾರರ ಹತ್ತಿ ಪ್ರೆಸ್ಸಿನಲ್ಲಿ ಕಾಟಾದ ಮೇಲೆ ಬೇಲು ತೂಗುತ್ತಿದ್ದೆ. ನನ್ನಪ್ಪನೂ ಅಲ್ಲೇ ದುಡಿದವನು. ಅರಳೆಯ ಧೂಳು ಕುಡಿದು ಕುಡಿದು ಅವನ ಎದೆ ಕಟ್ಟಿಹೋಗಿತ್ತು. ಅವನ ಕೆಮ್ಮು ಕೇಳುತ್ತಲೇ ನಾನು ಬೆಳೆದೆ. ಬಯಲಿನ ಕೆಲಸಕ್ಕೆ ಬಂದ ಮೊದಲ ದಿನ ಅಷ್ಟು ಗಾಳಿ ಒಟ್ಟಿಗೆ ನೋಡಿ ನನಗೆ ಕಣ್ಣಲ್ಲಿ ನೀರು ಬಂದಿತ್ತು. ಮತ್ತೆ ಆ ಪ್ರೆಸ್ಸಿಗೆ ಕಾಲಿಡಬಾರದು ಎಂದು ಅವತ್ತೇ ನಿಶ್ಚಯಿಸಿದೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ನಾನು ಮಾಡಿದ್ದು ಅದಕ್ಕಾಗಿಯೇ.

ಆಗ ನಮ್ಮದು ಬರೀ ಬಾಡಿಗೆ ವಿಮಾನ. ಯಾರು ಕರೆದರೆ ಅವರ ಹಿಂದೆ. ಬೊಂಬಾಯಿಗೆ ಹತ್ತಿ ಮಾದರಿ ಒಯ್ಯುವ ವ್ಯಾಪಾರಿಗಳು, ಮದ್ರಾಸಿನ ಕೋರ್ಟಿಗೆ ಓಡುವ ಜಮೀನುದಾರರು, ಸುಮ್ಮನೆ ಒಂದು ಸುತ್ತು ಹಾರಿ ತಮ್ಮ ಹೊಲ ಮೇಲಿಂದ ಎಷ್ಟು ಕಾಣುತ್ತದೆ ಎಂದು ನೋಡಬೇಕೆನ್ನುವವರು. ಮದ್ದಿಕೇರದ ರೈತರೊಬ್ಬರು ಹಾಗೆ ಹಾರಿ ಬಂದು ಕೆಳಗಿಳಿದು, 'ಒಡ್ಡು ನಮ್ಮ ಕಡೀಗೆ ಸರಿಸ್ಯಾನ ನೋಡು ಮಗ!' ಎಂದು ಪಕ್ಕದ ಹೊಲದವನ ಮೇಲೆ ಜಗಳಕ್ಕೆ ನೇರವಾಗಿ ಹೊರಟುಹೋದರು.

ವಿಮಾನಕ್ಕೆ ಹತ್ತುವವರನ್ನು ತೂಗಲೇಬೇಕು. ಚಿಕ್ಕ ವಿಮಾನ, ಭಾರ ಹೆಚ್ಚಾದರೆ ಏಳುವುದಿಲ್ಲ. ನಾನು ಪ್ರೆಸ್ಸಿನಿಂದ ಒಂದು ಹಳೆಯ ಕಾಟಾ ತಂದು ಶೆಡ್ಡಿನಲ್ಲಿ ಇಟ್ಟಿದ್ದೆ. ದೊಡ್ಡ ವ್ಯಾಪಾರಿಯೊಬ್ಬರು ಅದನ್ನು ಕಂಡದ್ದೇ ಕೆಂಡವಾದರು.

'ಏನಲೇ, ನಾನೇನು ಹತ್ತಿ ಬೇಲೇನು? ನನ್ನ ತೂಗಿ ಯಾರಿಗೆ ಮಾರಾವ?'

'ಮಾರೋದಲ್ರಿ, ಇಮಾನದ ಕಾನೂನು ಐತ್ರಿ' ಎಂದೆ.

'ಕಾನೂನು ನಿನ್ನ ಹತ್ರ ಇಟ್ಕೋ. ನಿಂದ್ರಂಗಿಲ್ಲ ಅಂದ್ರ ನಿಂದ್ರಂಗಿಲ್ಲ, ಅಷ್ಟೇ!'

ಮರುವಾರದಿಂದ ನಾನು ಕಾಟಾದ ಮೇಲೆ ಜಮಖಾನ ಹಾಸಿ, ಅದರ ಮೇಲೆ ಕೈ ಇರುವ ಒಂದು ಕುರ್ಚಿ ಇಟ್ಟೆ. ಬಂದವರನ್ನು 'ಬರ್ರಿ, ಕುಂದರ್ರಿ, ದಣದೀರಿ' ಎಂದು ಅದರಲ್ಲಿ ಕೂರಿಸಿ ತಂಬಿಗೆಯಲ್ಲಿ ನೀರು ಕೊಡುತ್ತಿದ್ದೆ. ಅವರು ನೀರು ಕುಡಿಯುವಷ್ಟರಲ್ಲಿ ಹಿಂದಿನಿಂದ ತೂಕ ನೋಡಿ, ಕುರ್ಚಿಯದನ್ನು ಕಳೆದು ಬರೆದುಕೊಳ್ಳುತ್ತಿದ್ದೆ. ಅದೇ ವ್ಯಾಪಾರಿ ಆಮೇಲೆ ಊರ ತುಂಬ, 'ಸಾವ್ಕಾರ್ರ ಇಮಾನದಾಗ ಮರ್ಯಾದಿ ಬಾಳ ಮಾಡ್ತಾರ' ಎಂದು ಹೇಳಿಕೊಂಡು ತಿರುಗಿದರು. ಕ್ಯಾಪ್ಟನ್ನರು ಒಂದು ವಾರ ನಕ್ಕರು.

ಎಲ್ಲ ಕೆಲಸವೂ ಹೀಗೆ ಸಲೀಸಾಗಿ ಆಗುತ್ತಿತ್ತು ಎಂದುಕೊಳ್ಳಬೇಡಿ. ಸಿ. ಬೆಳಗಲ್ ಕಡೆಯ ಒಬ್ಬ ದೊಡ್ಡ ಕುಳ ತಮ್ಮ ಮಗನ ಮದುವೆಗೆ ಮೇಲಿಂದ ಹೂವು ಸುರಿಸಬೇಕೆಂದು ವಿಮಾನ ಗೊತ್ತು ಮಾಡಿದರು. ಚೆಂಡುಹೂವು ಬಾಡದಿರಲೆಂದು ನಾನು ಬುಟ್ಟಿಗಳಿಗೆ ಚೆನ್ನಾಗಿ ನೀರು ಚಿಮುಕಿಸಿದ್ದೆ. ಊರಿನ ಮೇಲೆ ಬಂದಾಗ ಕೆಳಗೆ ಹಂದರ, ಬಾಜಾಭಜಂತ್ರಿ, ಕೆಂಪು ರುಮಾಲು ಎಲ್ಲ ಕಂಡಿತು. ಕ್ಯಾಪ್ಟನ್ನರು 'ಹಾಕು!' ಎಂದರು. ಹಾಕಿದೆ. ನೀರು ಕುಡಿದ ಹೂವು ಬಿಡಿಬಿಡಿಯಾಗಿ ಉದುರಲಿಲ್ಲ, ಮುದ್ದೆಮುದ್ದೆಯಾಗಿ ಹೋಗಿ ಬಿತ್ತು. ಡೊಳ್ಳಿನವನ ರುಮಾಲು ಹಾರಿಹೋದದ್ದು ನನಗೆ ಮೇಲಿಂದಲೇ ಕಂಡಿತು. ಇಳಿದ ಮೇಲೆ ತಿಳಿಯಿತು, ನಾವು ಹೂವು ಹಾಕಿದ್ದು ಬೇರೆ ಊರಿನ ಬೇರೆ ಮದುವೆಗೆ. ಒಳ್ಳೆಯ ಮುಹೂರ್ತ ಇದ್ದದ್ದೇ ಅದೊಂದು, ಆ ಹೊತ್ತಿಗೆ ಸುತ್ತಲಿನ ಪ್ರತಿ ಊರಲ್ಲೂ ಹಂದರ! ದುಡ್ಡು ಕೊಟ್ಟವರು ನಮ್ಮನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಹೂವು ಬಿದ್ದ ಮನೆಯವರು ಮಾತ್ರ ಮಾರನೇ ದಿನ ಗಾಡಿ ಕಟ್ಟಿಕೊಂಡು ಬಂದು, 'ದೇವ್ರು ಕಳಿಸಿದ್ದು ನಿಮ್ಮನ್ನ' ಎಂದು ಒಂದು ಬುಟ್ಟಿ ಹೋಳಿಗೆ ಕೊಟ್ಟು ಹೋದರು.

ಬಾಡಿಗೆ ವಿಮಾನದಲ್ಲಿ ನಮಗೆ ನಿಜವಾದ ತಲೆನೋವು ಬೇರೆ ಇತ್ತು. ಬಾಡಿಗೆಗೆ ತೆಗೆದುಕೊಂಡವರಿಗೆ ಅವತ್ತು ಆ ವಿಮಾನ ಅವರ ಸ್ವಂತದ್ದು. ಬೆಳಿಗ್ಗೆ ಬರುತ್ತೇವೆಂದು ಹೇಳಿ ಮಧ್ಯಾಹ್ನ ಊಟ ಮುಗಿಸಿ ಬರುವರು. ಕ್ಯಾಪ್ಟನ್ನರು ಬೇವಿನ ಮರದ ಕೆಳಗೆ ಹೆಜ್ಜೆ ಹಾಕುತ್ತಾ, 'ಎಂಥದು ಮಾರಾಯ, ಇದು ವಿಮಾನವೋ ಎತ್ತಿನ ಗಾಡಿಯೋ?' ಎಂದು ಗೊಣಗುವರು. ಒಬ್ಬರಂತೂ ಮೇಲೆ ಹಾರಿದ ಮೇಲೆ ತಂಬಾಕಿನ ಡಬ್ಬಿ ಮರೆತೆನೆಂದು ವಿಮಾನವನ್ನು ಹಿಂದಕ್ಕೆ ತಿರುಗಿಸಿದರು. ಕ್ಯಾಪ್ಟನ್ ಲೋಬೊ ಇಳಿಸಿದರು, ನಾನು ಡಬ್ಬಿ ತಂದುಕೊಟ್ಟೆ, ಮತ್ತೆ ಹಾರಿದರು. ಅವತ್ತು ಸಂಜೆ ಅವರು ಸಾವುಕಾರರ ಮುಂದೆ ಹೋಗಿ ಕೈಮುಗಿದರು.

'ಸಾವುಕಾರರೆ, ಒಂದೋ ಇದನ್ನು ಸರಿಯಾದ ಸರ್ವಿಸ್ ಮಾಡಿ, ಹೊತ್ತಿಗೆ ಹೋಗುವುದು, ಹೊತ್ತಿಗೆ ಬರುವುದು. ಇಲ್ಲವೋ ನನ್ನನ್ನು ಬಿಟ್ಟುಬಿಡಿ. ತಂಬಾಕಿನ ಡಬ್ಬಿಗೆ ನಾನು ಇನ್ನು ಹಾರುವುದಿಲ್ಲ.'

ಸಾವುಕಾರರು ಒಂದು ಅಡಿಕೆ ಬಾಯಿಗೆ ಹಾಕಿಕೊಂಡರು. 'ಹೊತ್ತಿಗೆ ಹೋಗೋ ಇಮಾನಕ್ಕ ಜನ ಬರ್ತಾರೇನ್ರಿ ಕ್ಯಾಪ್ಟನ್ನರೆ?'

'ರೈಲಿಗೆ ಬರ್ತಾರಲ್ಲ?'

'ರೈಲು ಸರ್ಕಾರದ್ದು ಐತಿ. ಇದು ನನ್ನದು. ನನ್ನ ಮಾತಿಗೆ ನಿಂದರಬೇಕಂತಾರ ಎಲ್ಲಾರು' ಎಂದರು ಸಾವುಕಾರರು. ಆದರೂ ಅರ್ಜಿ ಹಾಕಲು ಒಪ್ಪಿದರು. ಅದು ಅವರ ದೊಡ್ಡ ಗುಣ. ಗೊಣಗುತ್ತಲೇ ಒಪ್ಪುವರು, ಒಪ್ಪಿದ ಮೇಲೆ ಹಿಂದೆ ಸರಿಯುವವರಲ್ಲ.

ವಿಮಾನ ಇಲಾಖೆಯವರ ಷರತ್ತು ಸರಳವಾಗಿತ್ತು. ಬೊಂಬಾಯಿಗೆ ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ಕೆಲವು ತಿಂಗಳು ಪರೀಕ್ಷೆಯ ಮೇಲೆ ಓಡಿಸಬೇಕು. ಹೇಳಿದ ಹೊತ್ತಿಗೆ ಹೊರಡಬೇಕು, ಜನರೂ ಬರಬೇಕು. ಕೊನೆಗೆ ಒಬ್ಬ ಅಧಿಕಾರಿ ಬಂದು ಕಣ್ಣಾರೆ ನೋಡುತ್ತಾರೆ. ಸರಿ ಕಂಡರೆ ಪರವಾನಗಿ. ಇಲ್ಲದಿದ್ದರೆ ಇಲ್ಲ. ಸಾವುಕಾರರೂ ಕಡ್ಡಿ ಮುರಿದಂತೆ ಹೇಳಿದರು: 'ಪರ್ಮಿಟ್ ಸಿಗಲಿಲ್ಲ ಅಂದ್ರ ಇಮಾನ ಮಾರ್ತೀನಿ. ವೀರೇಶ, ನಿನಗೇನು ಚಿಂತಿ ಇಲ್ಲ ಬಿಡು. ಪ್ರೆಸ್ಸಿನಾಗ ನಿನ್ನ ಕಾಟಾ ಐತಿ.' ಅವರು ಸಮಾಧಾನಕ್ಕೆ ಹೇಳಿದ್ದು. ನನಗೆ ಅಪ್ಪನ ಕೆಮ್ಮು ಕೇಳಿಸಿತು.

ಹೊರಡುವ ವೇಳೆ ಬೆಳಿಗ್ಗೆ ಎಂಟು ಗಂಟೆ ಎಂದು ಗೊತ್ತಾಯಿತು. ಅದಕ್ಕೂ ಮೊದಲು ಹೊರಡೋಣವೆಂದರೆ ಬೊಂಬಾಯಿಯ ಹವಾಮಾನದ ತಂತಿ ಬಂದಿರುವುದಿಲ್ಲ. ತಡ ಮಾಡಿದರೆ ಅಲ್ಲಿಯ ನಿಲ್ದಾಣದವರು ನಮಗೆ ಕೊಟ್ಟ ಇಳಿಯುವ ಹೊತ್ತು ತಪ್ಪುತ್ತದೆ. ಕ್ಯಾಪ್ಟನ್ನರು ಕೂತು ಲೆಕ್ಕ ಹಾಕಿ ಎಂಟು ಎಂದರು, ಸಾವುಕಾರರು ಬೊಂಬಾಯಿಯಲ್ಲೇ ಕೆಂಪು ಅಂಚಿನ ವೇಳಾಪಟ್ಟಿ ಅಚ್ಚು ಹಾಕಿಸಿ ತಂದು ಬಜಾರಿನ ಅಂಗಡಿ ಅಂಗಡಿಗೆ ಅಂಟಿಸಿದರು. ಪಂಚಾಂಗ ನೋಡದೆ ಮೊಮ್ಮಕ್ಕಳಿಗೆ ಕ್ಷೌರ ಕೂಡ ಮಾಡಿಸದ ಮನುಷ್ಯ. ಹುಟ್ಟಿದಾಗಿನಿಂದ ಪಂಚಾಂಗದ ನಡುವೆಯೇ ಬೆಳೆದ ನಾನೂ ಅಲ್ಲಿಯೇ ಇದ್ದೆ. ಯಾರಿಗೂ ಹೊಳೆಯಲಿಲ್ಲ.

ಮೊದಲ ಸೋಮವಾರ ಬಂತು. ಆರು ಟಿಕೆಟ್ಟು ಹೋಗಿದ್ದವು. ಬಯಲಲ್ಲಿ ಒಂದು ನರಪಿಳ್ಳೆ ಇಲ್ಲ. ಎಂಟಾಯಿತು. ಕ್ಯಾಪ್ಟನ್ನರು ಹಲ್ಲು ಕಚ್ಚಿಕೊಂಡು ಖಾಲಿ ವಿಮಾನವನ್ನೇ ಹಾರಿಸಿಕೊಂಡು ಹೋದರು. ಒಂಬತ್ತು ದಾಟಿದ ಮೇಲೆ ಜಟಕಾಗಳು ಒಂದರ ಹಿಂದೊಂದು ಬಂದವು. ಹಣೆಗೆ ಹೊಸದಾಗಿ ವಿಭೂತಿ ಇಟ್ಟುಕೊಂಡು, ಬುತ್ತಿ ಕಟ್ಟಿಕೊಂಡು, ಆರೂ ಜನ ಇಳಿದರು.

'ಇಮಾನ ಎಲ್ಲೈತಪಾ?'

'ಎಂಟಕ್ಕ ಹೋತಲ್ರಿ!'

'ಎಂಟಕ್ಕ? ಸೋಮವಾರ ಎಂಟಕ್ಕ ರಾಹುಕಾಲ ಅಲ್ಲೇನೋ! ಅಷ್ಟೊತ್ತಿನಾಗ ಯಾರು ಮನಿ ಬಿಡ್ತಾರ? ವೇಳಾಪಟ್ಟಿ ಹಾಕಿದ್ರೇನಪಾ, ರಾಹು ಮುಗದ ಮ್ಯಾಲ ಹೊಂಡ್ತದಂತ ನಾವು ತಿಳಕೊಂಡ್ವಿ.'

ಅವರ ಮುಖದಲ್ಲಿ ನಮ್ಮ ಮೇಲೆ ಸಿಟ್ಟಿಗಿಂತ ಕನಿಕರವೇ ಹೆಚ್ಚಿತ್ತು. ರಾಹುಕಾಲದಲ್ಲಿ ಒಬ್ಬ ಕ್ರಿಸ್ತರ ಕ್ಯಾಪ್ಟನ್ನನನ್ನು ಒಂಟಿಯಾಗಿ ಆಕಾಶಕ್ಕೆ ಕಳಿಸಿದೆವಲ್ಲ ಎಂದು. ಗುರುವಾರದ ವಿಮಾನ ತುಂಬಿ ಹೋಯಿತು, ಅಂದು ರಾಹುಕಾಲ ಮಧ್ಯಾಹ್ನ. ಆದರೆ ಹತ್ತಿಯವರಿಗೆ ಬೇಕಾಗಿದ್ದೇ ಸೋಮವಾರ. ಬೊಂಬಾಯಿ ಪೇಟೆ ವಾರಕ್ಕೆ ಕಣ್ಣು ಬಿಡುವುದೇ ಅವತ್ತು. ಎರಡನೆಯ ಸೋಮವಾರವೂ ಖಾಲಿ. ಮೂರನೆಯದೂ ಖಾಲಿ. ಸ್ವತಃ ಸಾವುಕಾರರೇ ಹತ್ತಲು ಒಪ್ಪಲಿಲ್ಲ.

'ಇಮಾನ ನಂದಿರಬಹುದು, ರಾಹು ನನ್ನ ಮಾತು ಕೇಳ್ತಾನೇನಲೇ?' ಎಂದರು.

ಬೊಂಬಾಯಿಯವರಿಗೆ ಹೊತ್ತು ಬದಲಿಸಿ ಎಂದು ಬರೆದರೆ ಆಗುವುದಿಲ್ಲ ಎಂದು ಉತ್ತರ ಬಂತು. ನಾನು ಪ್ರೆಸ್ಸಿನ ಮುಂದೆ ಹಾದುಹೋಗುವಾಗ ಮುಖ ಆ ಕಡೆ ತಿರುಗಿಸಿಕೊಂಡು ನಡೆಯಲು ಶುರು ಮಾಡಿದೆ.

ಆಗ ಬಂದವರು ಸಿದ್ದಮ್ಮನವರು, ಸಾವುಕಾರರ ತಾಯಿ. ಎಪ್ಪತ್ತು ದಾಟಿದ ಹೆಂಗಸು, ಬಾಯಿ ಬಹಳ ಜೋರು. ಬೊಂಬಾಯಿಗೆ ಕೊಟ್ಟ ಅವರ ಕೊನೆಯ ಮಗಳಿಗೆ ದಿನ ತುಂಬಿತ್ತು, ಗುರುವಾರದ ತನಕ ತಡೆಯುವಂತಿರಲಿಲ್ಲ. ಬಜಾರಿನಲ್ಲಿ ನಮ್ಮದೊಂದು ಟಿಕೆಟ್ಟಿನ ಕೋಣೆ ಇತ್ತು. ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರು ಅಲ್ಲಿಗೆ ಬಂದು, ಆಳಿನ ತಲೆಯ ಮೇಲಿದ್ದ ಗಂಟನ್ನು ನನ್ನ ಮೇಜಿನ ಮೇಲೆಯೇ ಇಳಿಸಿದರು. ಗಂಟಿನ ಮೇಲೆ ಅರಿಶಿನ ಕುಂಕುಮ, ಒಂದು ತೆಂಗಿನಕಾಯಿ.

'ತಗಾ, ಇದನ್ನ ಇಟ್ಕಾ. ನಾಳಿ ಮುಂಜಾನಿ ನಿನ್ನ ಇಮಾನಕ್ಕ ಬರ್ತೀನಿ.'

'ಅವ್ವಾರ, ನಾಳಿ ಎಂಟಕ್ಕ ರಾಹುಕಾಲ ಐತ್ರಿ' ಎಂದೆ, ಎಲ್ಲರೂ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದ್ದ ಮಾತು.

'ನನಗ ರಾಹುಕಾಲ ಕಲಿಸ್ತೀಯೇನು? ಇವತ್ತಿಂದು ಈಗ ಮುಗೀತು, ಈಗ ಹೊತ್ತು ಚಲೋ ಐತಿ. ಪ್ರಸ್ಥಾನ ಇಡಾಕ ಬಂದೀನಿ. ನನ್ನ ಗಂಟು ಮನಿ ಬಿಡ್ತಂದ್ರ ನಾನು ಮನಿ ಬಿಟ್ಟಂಗ. ನಾಳಿ ರಾಹು ಬರ್ಲಿ, ಕೇತು ಬರ್ಲಿ, ನಾನು ಆಗಲೇ ಹಾದ್ಯಾಗ ಇದೀನಿ. ನಿಮ್ಮವ್ವ ನಿನಗ ಏನೂ ಹೇಳಿಲ್ಲೇನಪಾ?'

ಹೇಳಿದ್ದಳು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ ಅದು. ಹೊರಡಬೇಕಾದ ದಿನ ಹೊತ್ತು ಸರಿಯಿಲ್ಲವೆಂದರೆ, ಹಿಂದಿನ ದಿನ ಒಳ್ಳೆಯ ಗಳಿಗೆ ನೋಡಿ ಗಂಟನ್ನು ಬೇರೆ ಮನೆಯಲ್ಲಿ ಇಟ್ಟುಬರುವುದು. ಪಯಣ ಅಲ್ಲಿಗೆ ಶುರುವಾದಂತೆ. ಗಾಡಿಯಲ್ಲಿ, ರೈಲಿನಲ್ಲಿ ಹೋಗುವವರು ಮಾಡುತ್ತಿದ್ದರು. ವಿಮಾನಕ್ಕೂ ಅದು ಆಗುತ್ತದೆಂದು ಆ ಆರು ಜನಕ್ಕೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅವಸರ ಇದ್ದದ್ದು ಹಡೆದ ತಾಯಿಗೆ, ಅವರಿಗೆ ಹೊಳೆಯಿತು.

ಸೋಮವಾರ ಎಂಟಕ್ಕೆ ಸಿದ್ದಮ್ಮನವರೊಬ್ಬರೇ ವಿಮಾನ ಹತ್ತಿದರು, ಶಿವಶಿವಾ ಎನ್ನುತ್ತಾ. ಮರುದಿನ ಬೊಂಬಾಯಿಯಿಂದ ಗಂಡು ಹುಟ್ಟಿದ ತಂತಿ ಬಂತು. ಅದು ಬಜಾರಿನಲ್ಲಿ ಹಬ್ಬಿದ್ದು ಹೇಗೆಂದು ನಾನು ಹೇಳಬೇಕಾಗಿಲ್ಲ.

ನಾನು ಕ್ಯಾಪ್ಟನ್ನರ ಹತ್ತಿರ ಓಡಿದೆ. ಭಾನುವಾರ ಸಂಜೆ ಟಿಕೆಟ್ಟಿನ ಕೋಣೆ ತೆರೆದಿಡೋಣ, ಗಂಟು ಅಲ್ಲೇ ತೆಗೆದುಕೊಳ್ಳೋಣ ಎಂದೆ.

'ಅರಿಶಿನ, ತೆಂಗಿನಕಾಯಿ, ಅದೂ ಇದೂ... ವಿಮಾನ ಕಂಪನಿಯೋ ಮಠವೋ ಇದು?' ಎಂದು ಅವರು ಸಿಡುಕಿದರು. ಆಮೇಲೆ ಟೋಪಿ ತೆಗೆದರು, ಹಾಕಿಕೊಂಡರು. 'ತಡಿ ಮಾರಾಯ. ಗಂಟು ಹಿಂದಿನ ಸಂಜೆಯೇ ನಮ್ಮ ಕೈಗೆ ಬಂದರೆ ತೂಕ ಹಿಂದಿನ ಸಂಜೆಯೇ ಆಗ್ತದಲ್ಲ? ಎಲ್ಲಿ ಯಾವುದನ್ನು ಇಡಬೇಕು ಅಂತ ಆವಾಗಲೇ ಗೊತ್ತಾಗ್ತದಲ್ಲ? ಬೆಳಿಗ್ಗೆ ಜನ ಬಂದು ಹತ್ತಿದರೆ ಆಯ್ತು!' ಅವರು ನನ್ನ ಬೆನ್ನಿಗೆ ಹೊಡೆದ ಏಟು ಇನ್ನೂ ನೆನಪಿದೆ. ಪ್ರೀತಿಯಿಂದಲೇ ಹೊಡೆದದ್ದು, ಆದರೂ ನೋಯಿತು.

ಮುಂದಿನ ಭಾನುವಾರದಿಂದ ಸಂಜೆ ರಾಹುಕಾಲ ಕಳೆದದ್ದೇ ನಮ್ಮ ಕೋಣೆಯ ಮುಂದೆ ಜನ ನೆರೆಯಲು ಶುರುವಾಯಿತು. ಗಂಟು, ಟ್ರಂಕು, ಚೀಲ, ಪ್ರತಿಯೊಂದಕ್ಕೂ ಕುಂಕುಮ. ಕೆಲವರು ಗಂಟು ಇಟ್ಟು ಹಿಂದೆ ತಿರುಗಿ ನೋಡದೆ ಹೋಗುವರು. ಕೆಲವರು ಗಂಟಿಗೇ ಕೈಮುಗಿಯುವರು. ತುಪ್ಪದ ಗಡಿಗೆ, ಉಪ್ಪಿನಕಾಯಿ ಭರಣಿ ಬೇಡವೆಂದು ನಾನು ಬೋರ್ಡು ಬರೆದು ಹಾಕಿದೆ. ಒಂದು ಸಲ ಮೇಲೆ ಹೋದಾಗ ಭರಣಿ ಉಕ್ಕಿ ಎಲ್ಲರ ಹತ್ತಿ ಮಾದರಿಗೂ ಮಾವಿನಕಾಯಿಯ ಎಣ್ಣೆ ಹತ್ತಿತ್ತು. ವಿಮಾನ ತುಂಬತೊಡಗಿತು. ಗುರುವಾರಕ್ಕೂ ಬುಧವಾರ ಸಂಜೆಯೇ ಗಂಟು ತರುವುದು ರೂಢಿಯಾಯಿತು. ಅದರ ಅಗತ್ಯವೇ ಇರಲಿಲ್ಲ, ಆದರೂ ಚಲೋದು ಎಂದು ತಂದರು.

ಇನ್ನೊಂದು ಸಂತೋಷ ನನಗೆ ನಿರೀಕ್ಷೆಯೇ ಇಲ್ಲದೆ ಸಿಕ್ಕಿತು. ಬಾಡಿಗೆ ದಿನಗಳಲ್ಲಿ ಅಕ್ಕಪಕ್ಕದ ಹಳ್ಳಿಯವರು ಆ ಗರಸು ಬಯಲಲ್ಲಿ ಶೇಂಗಾ ಒಣಹಾಕುತ್ತಿದ್ದರು. ವಿಮಾನ ಯಾವಾಗ ಬರುತ್ತದೆಂದು ಅವರಿಗೇನು ಗೊತ್ತು? ನಾನು ಸೈಕಲ್ಲಿನ ಮೇಲೆ ಅತ್ತಿಂದಿತ್ತ ಓಡಾಡಿ, ಗಂಟಲು ಹರಿಯುವ ತನಕ ಕೂಗಿ ಎತ್ತಿಸಬೇಕಾಗಿತ್ತು. ವೇಳಾಪಟ್ಟಿ ಬಂದ ಮೇಲೆ ಸೋಮವಾರ, ಗುರುವಾರ ಅವರೇ ಏಳೂವರೆಗೆಲ್ಲ ಗುಡಿಸಿ ಎತ್ತಿಟ್ಟು, ವಿಮಾನ ಹೋದ ಮೇಲೆ ಮತ್ತೆ ಹರವುತ್ತಿದ್ದರು. ಒಬ್ಬ ಹೆಣ್ಣುಮಗಳು ಸೊಸೆಗೆ ಹೇಳುತ್ತಿದ್ದುದನ್ನು ಕೇಳಿದೆ: 'ಬೊಂಬಾಯಿ ಇಮಾನ ಹೋತವ್ವ, ರೊಟ್ಟಿ ಬಿಚ್ಚು.' ನಮ್ಮ ಸರ್ವಿಸ್ ನಿಂತುಕೊಂಡಿತು ಎಂದು ನನಗೆ ಅನಿಸಿದ್ದು ಅವತ್ತು.

ಆಮೇಲಿನ ಕಥೆ ನಿಮಗೆ ಗೊತ್ತಿದ್ದದ್ದೇ. ಸರ್ಕಾರ ವಿಮಾನ ಕಂಪನಿಗಳನ್ನೆಲ್ಲ ತಾನೇ ತೆಗೆದುಕೊಂಡಿತು, ನನ್ನನ್ನೂ ತೆಗೆದುಕೊಂಡಿತು, ದೊಡ್ಡ ದೊಡ್ಡ ನಿಲ್ದಾಣಗಳಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಕ್ಯಾಪ್ಟನ್ ಲೋಬೊ ಕೊನೆಯವರೆಗೂ ನನಗೆ ಕ್ರಿಸ್‌ಮಸ್‌ಗೆ ಕುಸ್ವಾರು ತಿಂಡಿಗಳ ಪೊಟ್ಟಣ ಕಳಿಸುತ್ತಿದ್ದರು. ಯಾವಾಗ ಏನಾದೆ, ಎಷ್ಟು ಬಡ್ತಿ ಸಿಕ್ಕಿತು ಎಂಬುದನ್ನು ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ಅಧಿಕಾರಿ ಬಂದ ಆ ಸೋಮವಾರದ ಮಾತು ಹೇಳಿ ಮುಗಿಸುತ್ತೇನೆ. ಅವತ್ತು ತಪ್ಪಿದ್ದರೆ ಈ ಯಾವುದೂ ಇರುತ್ತಿರಲಿಲ್ಲ.

ಅಧಿಕಾರಿ ಮದ್ರಾಸಿನಿಂದ ರೈಲಿನಲ್ಲಿ ಬಂದಿದ್ದರು. ಬಿಳಿ ಪ್ಯಾಂಟು, ಕೈಯಲ್ಲಿ ಸರಪಳಿಯ ಗಡಿಯಾರ, ಮಾತು ಬಹಳ ಕಡಿಮೆ. ಹಿಂದಿನ ಸಂಜೆ ನಮ್ಮ ಕೋಣೆಯಲ್ಲಿ ಕುಂಕುಮದ ಟ್ರಂಕುಗಳ ಸಾಲನ್ನು ನೋಡಿ ಹುಬ್ಬು ಏರಿಸಿದರು. ನಾನು ಇಂಗ್ಲಿಷಿನಲ್ಲಿ ನನಗೆ ತಿಳಿದಷ್ಟು ವಿವರಿಸಿದೆ. ಅವರು ಸಾಲಿನಲ್ಲಿ ಎಷ್ಟಿವೆ ಎಂದು ಎಣಿಸಿ ಬರೆದುಕೊಂಡರು. ಆ ಸೋಮವಾರಕ್ಕೆ ಎಂಟೂ ಟಿಕೆಟ್ಟು ಹೋಗಿದ್ದವು. ಎಂಟನೆಯದು ಸ್ವತಃ ಸಾವುಕಾರರದ್ದು. ಅಧಿಕಾರಿಯ ಮುಂದೆ ತಾವೇ ಹತ್ತಿ ತೋರಿಸಬೇಕೆಂದು ಅವರ ಆಸೆ. ಅವರೇ ಬಂದು ಗಂಟು ಕೊಟ್ಟು ಹೋಗಿದ್ದರು, ಕೆಂಪು ಬಟ್ಟೆಯದು.

ಬೆಳಿಗ್ಗೆ ಏಳು ಜನ ಬಂದು ಕೂತರು. ಸಾವುಕಾರರು ಬರಲಿಲ್ಲ. ಎಂಜಿನ್ನುಗಳು ತಿರುಗುತ್ತಿದ್ದವು. ಅಧಿಕಾರಿ ಬೇವಿನ ಮರದ ಕೆಳಗೆ ಗಡಿಯಾರ ಹಿಡಿದು ನಿಂತಿದ್ದರು. ನಾನು ದಾರಿ ನೋಡಿದೆ, ಧೂಳಿಲ್ಲ. ಒಳಗಿನಿಂದ ಒಬ್ಬರು, 'ಸಾವ್ಕಾರ್ರು ಬರ್ದಂಗ ಹೆಂಗ ಹೋಗ್ತೀರಿ? ಅವ್ರ ಗಂಟು ಒಳಗೈತಿ!' ಎಂದರು. ಉಳಿದವರೂ ಹೌದು ಹೌದು ಎಂದರು. ಕ್ಯಾಪ್ಟನ್ನರು ಕಿಟಕಿಯಿಂದ ತಲೆ ಹೊರಹಾಕಿದರು.

'ಏನು ವೀರೇಶ? ಮೆಟ್ಟಿಲು ತೆಗೀತೀಯೋ, ಕಾಯುವುದೋ? ನೀನು ಹೇಳಿದ ಹಾಗೆ.'

ವಿಮಾನ ಸಾವುಕಾರರದ್ದು. ನನ್ನ ಸಂಬಳ ಸಾವುಕಾರರದ್ದು. ಬಿಟ್ಟುಹೋದರೆ ನಾನು ಮತ್ತೆ ಪ್ರೆಸ್ಸಿಗೆ, ಅದೂ ಅವರಿಗೆ ಮನಸ್ಸು ಬಂದರೆ. ಕಾದರೆ ಪರವಾನಗಿ ಇಲ್ಲ, ಆಗಲೂ ಪ್ರೆಸ್ಸಿಗೆ. ಎರಡು ಕಡೆಯೂ ಅದೇ ಧೂಳು ನನಗೆ ಕಂಡಿತು. ತಂಬಾಕಿನ ಡಬ್ಬಿಯೂ ನೆನಪಾಯಿತು. ಹಾಗಿದ್ದ ಮೇಲೆ ಕೆಲಸವನ್ನಾದರೂ ಸರಿಯಾಗಿ ಮಾಡೋಣ ಎನಿಸಿತು. ಹೋಗಿ ಬಾಗಿಲು ಹಾಕಿದೆ, ಮೆಟ್ಟಿಲು ತೆಗೆದೆ. 'ಹೊತ್ತಾತು, ಹೋಗ್ರಿ' ಎಂದು ಕೂಗಿದೆ.

ವಿಮಾನ ಇನ್ನೇನು ಬಯಲಿನ ಕೊನೆಯಲ್ಲಿ ನೆಲ ಬಿಟ್ಟಿತು, ಅಷ್ಟರಲ್ಲಿ ಸಾವುಕಾರರ ಕಾರು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಸಾವುಕಾರರು ಇಳಿದರು. ಬೆವರಿನಲ್ಲಿ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು.

'ರೈಲ್ವೆ ಗೇಟು ಹಾಕಿದ್ರು. ಗೂಡ್ಸ್ ಗಾಡಿ. ಎಷ್ಟು ಡಬ್ಬಿಯಪಾ, ಮುಗೀಲೇ ಇಲ್ಲ...' ಎನ್ನುತ್ತಾ ಅವರು ಆಕಾಶ ನೋಡಿದರು. ವಿಮಾನ ಪಡುವಣಕ್ಕೆ ತಿರುಗುತ್ತಿತ್ತು. ನಂತರ ನನ್ನನ್ನು ನೋಡಿದರು. ನಾನು ಮೆಟ್ಟಿಲನ್ನು ಎದೆಗವಚಿಕೊಂಡು ನಿಂತಿದ್ದೆ. ಅಧಿಕಾರಿ ನಮ್ಮಿಬ್ಬರನ್ನೂ ನೋಡುತ್ತಾ ಹತ್ತಿರ ಬಂದರು.

'ನನ್ನ ಬಿಟ್ಟು ಕಳಿಸಿದೆ?'

'ಎಂಟಾಗಿತ್ರಿ ಸಾವ್ಕಾರ್ರೆ.'

ಅವರು ಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

'ನನ್ನ ಗಂಟು?'

'ಹೋತ್ರಿ. ಒಳಗ ಮುಂದಿನ ಸಾಲಿನಾಗ ಇಟ್ಟೀನ್ರಿ.'

ಅವರು ಇನ್ನೊಮ್ಮೆ ಆಕಾಶದ ಕಡೆ ನೋಡಿದರು. ಮುಖದ ಮೇಲಿನ ಬಿಗಿ ನಿಧಾನವಾಗಿ ಸಡಿಲವಾಯಿತು.

'ಹಂಗಾದ್ರ ನಾನು ಹೋದಂಗಾತು ಬಿಡು' ಎಂದರು.

ಅವರು ಏನು ಹೇಳಿದರೆಂದು ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದರು. ನಾನು ಎದುರಿಗೇ ನಿಂತಿದ್ದ ಸಾವುಕಾರರನ್ನು ತೋರಿಸಿ, 'ಎಂಟನೆಯ ಪ್ರಯಾಣಿಕರು ಹೊತ್ತಿಗೆ ಸರಿಯಾಗಿ ಹೊರಟಿದ್ದಾರೆ ಸಾರ್' ಎಂದೆ. ಆ ಮನುಷ್ಯ ಸಾವುಕಾರರನ್ನು ಮೇಲಿಂದ ಕೆಳಗಿನ ತನಕ ನೋಡಿದರು. ಬಂದಾಗಿನಿಂದ ಮೊದಲ ಸಲ ನಕ್ಕರು. ಗಡಿಯಾರದ ಮುಚ್ಚಳ ಹಾಕಿ ಜೇಬಿಗೆ ಇಳಿಸಿ, ಮದ್ರಾಸಿನ ರೈಲಿಗೆ ಹೊತ್ತಾಯಿತೆಂದು ಸಾವುಕಾರರ ಕಾರನ್ನೇ ಹತ್ತಿ ಕೂತರು.